ಪಂಜರ ಮತ್ತು ಕರುಣೆ: ಕ್ಯಾರೋಲ್ ಬಾಸ್ಕಿನ್ ಅವರ ಜೀವನ ಹಾಗೂ ‘ಟೈಗರ್ ಕಿಂಗ್’ ಚಿತ್ರಸರಣಿ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಈ ಐದರಲ್ಲಿ ಮೊದಲನೆಯದು ಪ್ರಾಣಿಯನ್ನು ಕಟ್ಟಿಹಾಕುವುದು. ಕೊನೆಯದು ಅದಕ್ಕೆ ಸಲ್ಲಬೇಕಾದ ಆಹಾರವನ್ನೂ ನೀರನ್ನೂ ತಡೆಯುವುದು. ಹಸು, ಎತ್ತು, ಕುದುರೆಗಳ ವಿಷಯದಲ್ಲಿ ಈ ಎರಡು ದೋಷಗಳಿಂದಲೂ ಪಾರಾಗುವುದು ಶ್ರಾವಕನಿಗೆ ಕಷ್ಟವಲ್ಲ. ಹಗ್ಗವನ್ನು ಸಡಿಲಿಸಬಹುದು, ಮೇವನ್ನು ಹೊತ್ತಿಗೆ ಸರಿಯಾಗಿ ಹಾಕಬಹುದು. ಆದರೆ ಕಟ್ಟಿಗೆ ಒಳಗಾದ ಪ್ರಾಣಿ ಹುಲಿಯಾಗಿದ್ದರೆ ಏನು ಮಾಡಬೇಕು? ಅದನ್ನು ಬಿಟ್ಟರೆ ಅದು ಜನರನ್ನು ಕೊಲ್ಲುತ್ತದೆ, ಇಲ್ಲವೆ ಜನರಿಂದ ಕೊಲ್ಲಲ್ಪಡುತ್ತದೆ. ಕೂಡಿಹಾಕಿದರೆ ಬಂಧದೋಷ. ಮಾಂಸವನ್ನು ಕೊಟ್ಟರೆ ಬೇರೆ ಜೀವಿಗಳ ವಧೆ, ಕೊಡದಿದ್ದರೆ ಅನ್ನಪಾನನಿರೋಧ. ನಾಲ್ಕು ದಿಕ್ಕಿನಲ್ಲಿಯೂ ಹಿಂಸೆಯೇ ಕಾಣುವ ಇಂಥ ಸ್ಥಿತಿಯಲ್ಲಿ ಕರುಣೆಯ ದಾರಿ ಯಾವುದು?

ಈ ಪ್ರಶ್ನೆ ಕೇವಲ ತರ್ಕದ ಕಸರತ್ತಲ್ಲ. ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಒಬ್ಬ ಮಹಿಳೆ ಮೂರು ದಶಕಗಳ ಕಾಲ ಇದೇ ಪ್ರಶ್ನೆಯ ನಡುವೆ ಬದುಕಿದರು. ಕ್ಯಾರೋಲ್ ಬಾಸ್ಕಿನ್ ಎಂಬ ಈಕೆ ‘ಬಿಗ್ ಕ್ಯಾಟ್ ರೆಸ್ಕ್ಯೂ’ ಎಂಬ ಆಶ್ರಯಧಾಮದ ಸ್ಥಾಪಕಿ. ಆಕೆಯ ಹೆಸರು ಲೋಕಪ್ರಸಿದ್ಧವಾದದ್ದು ಮಾತ್ರ ಆಶ್ರಯಧಾಮದಿಂದಲ್ಲ, 2020ರ ಮಾರ್ಚ್ 20ರಂದು ನೆಟ್‌ಫ್ಲಿಕ್ಸ್ ಸಂಸ್ಥೆ ಬಿಡುಗಡೆ ಮಾಡಿದ ‘ಟೈಗರ್ ಕಿಂಗ್’ ಎಂಬ ಸಾಕ್ಷ್ಯಚಿತ್ರ ಸರಣಿಯಿಂದ. ಮಹಾಮಾರಿಯ ಭಯದಿಂದ ಜಗತ್ತು ಮನೆಯೊಳಗೆ ಕುಳಿತಿದ್ದ ದಿನಗಳವು. ಬಿಡುಗಡೆಯಾದ ಮೊದಲ ಹತ್ತು ದಿನಗಳಲ್ಲಿಯೇ ಅಮೆರಿಕವೊಂದರಲ್ಲಿ 3 ಕೋಟಿ 40 ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರೆಂದು ಲೆಕ್ಕ ಹಾಕಲಾಯಿತು. ಎರಿಕ್ ಗೂಡ್ ಮತ್ತು ರೆಬೆಕ್ಕಾ ಚೈಕ್ಲಿನ್ ನಿರ್ದೇಶಿಸಿದ ಈ ಸರಣಿಯನ್ನೂ, ಅದು ಚಿತ್ರಿಸಲು ಹೊರಟ ಜೀವನವನ್ನೂ ಅಹಿಂಸೆಯ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯ. ಸರಣಿ ಒಂದು ಬಗೆಯ ತಪ್ಪನ್ನು ಮಾಡಿದೆ, ಆ ಜೀವನದಲ್ಲಿ ಇನ್ನೊಂದು ಬಗೆಯ ತಪ್ಪುಗಳಿವೆ. ಇವೆರಡನ್ನೂ ಬೆರೆಸಿಬಿಟ್ಟರೆ ಸತ್ಯ ಕೈಗೆ ಸಿಗುವುದಿಲ್ಲ.

ಬಾಸ್ಕಿನ್ ಹುಟ್ಟಿದ್ದು 1961ರಲ್ಲಿ. ಹರೆಯದಲ್ಲಿಯೇ ಮನೆಯನ್ನು ಬಿಟ್ಟು ಬಡತನವನ್ನೂ ದುಃಖದ ದಾಂಪತ್ಯವನ್ನೂ ಕಂಡವರು. 1980ರ ದಶಕದಲ್ಲಿ ಡಾನ್ ಲೂಯಿಸ್ ಎಂಬ ಶ್ರೀಮಂತ ವ್ಯಾಪಾರಿಯ ಪರಿಚಯವಾಗಿ 1991ರಲ್ಲಿ ಅವರನ್ನು ವಿವಾಹವಾದರು. ಅಮೆರಿಕದಲ್ಲಿ ಕಾಡುಪ್ರಾಣಿಗಳನ್ನು ಬಹಿರಂಗ ಹರಾಜಿನಲ್ಲಿ ಮಾರುವ ಪದ್ಧತಿ ಆಗ ಸಾಮಾನ್ಯವಾಗಿತ್ತು. ಅಂಥದೊಂದು ಹರಾಜಿನಲ್ಲಿ ‘ಬಾಬ್‌ಕ್ಯಾಟ್’ ಎಂಬ ಅಲ್ಲಿನ ಕಾಡುಬೆಕ್ಕಿನ ಮರಿಯೊಂದಕ್ಕೆ ಎದುರಾಳಿಯಾಗಿ ಕೂಗಿದವನು ಅದನ್ನು ಕೊಂದು, ಚರ್ಮಕ್ಕೆ ಹೊಟ್ಟು ತುಂಬಿ ಪ್ರದರ್ಶನಕ್ಕಿಡುವವನೆಂದು ತಿಳಿದು, ದಂಪತಿಗಳು ಅದನ್ನು ತಾವೇ ಕೊಂಡರೆಂದು ಬಾಸ್ಕಿನ್ ಹೇಳುತ್ತಾರೆ. ಆ ಮರಿಗೆ ಒಬ್ಬ ಸಂಗಾತಿಯನ್ನು ಹುಡುಕುತ್ತ 1993ರಲ್ಲಿ ಮಿನ್ನೆಸೋಟ ರಾಜ್ಯಕ್ಕೆ ಹೋದಾಗ ಕಂಡದ್ದು ತುಪ್ಪಳಕ್ಕಾಗಿ ಪ್ರಾಣಿಗಳನ್ನು ಸಾಕಿ ಕೊಲ್ಲುವ ಒಂದು ತೋಟ. ಅಲ್ಲಿದ್ದ 56 ಮರಿಗಳನ್ನೂ ಅವರು ಹಣ ಕೊಟ್ಟು ಬಿಡಿಸಿಕೊಂಡು ಬಂದರು. ಟ್ಯಾಂಪಾದ ಆಶ್ರಯಧಾಮ ಬೆಳೆದದ್ದು ಹೀಗೆ.

ಕಟುಕನ ಕೈಯಿಂದ ಕುರಿಯನ್ನು ಕೊಂಡು ಪಾಂಜರಪೋಳಕ್ಕೆ ಒಪ್ಪಿಸುವ ಜೀವದಯೆಯ ಪರಂಪರೆಯನ್ನು ಬಲ್ಲ ಓದುಗರಿಗೆ ಈ ಪ್ರಸಂಗ ಪರಿಚಿತವಾಗಿಯೇ ತೋರುತ್ತದೆ. ಆ ಪರಂಪರೆಯಲ್ಲಿರುವ ತೊಡಕೂ ಇಲ್ಲಿ ಹಾಗೆಯೇ ಇದೆ. ಕೊಲ್ಲುವವನಿಗೆ ಹಣ ಕೊಟ್ಟು ಜೀವವನ್ನು ಬಿಡಿಸಿದರೆ ಆ ಜೀವ ಉಳಿಯುತ್ತದೆ, ಕೊಲ್ಲುವವನ ಕೈಗೆ ಮುಂದಿನ ವರ್ಷದ ಬಂಡವಾಳವೂ ಸೇರುತ್ತದೆ. ಬಿಡಿಸಿದವನ ಭಾವ ಶುದ್ಧವಾಗಿದ್ದರೂ ವ್ಯವಹಾರದ ಗಾಲಿ ನಿಲ್ಲುವುದಿಲ್ಲ.

ಆರಂಭದ ವರ್ಷಗಳಲ್ಲಿ ಆ ಗಾಲಿಯನ್ನು ಉರುಳಿಸುವುದರಲ್ಲಿ ಬಾಸ್ಕಿನ್ ದಂಪತಿಗಳ ಪಾಲೂ ಇತ್ತು. ಆಗ ‘ವೈಲ್ಡ್‌ಲೈಫ್ ಆನ್ ಈಸಿ ಸ್ಟ್ರೀಟ್’ ಎಂದು ಕರೆಯಲ್ಪಡುತ್ತಿದ್ದ ಈ ಧಾಮದಲ್ಲಿ ಕಾಡುಬೆಕ್ಕುಗಳಿಂದ ಮರಿ ಹಾಕಿಸಿದರು, ಮರಿಗಳನ್ನು ಕೈಯಲ್ಲಿಯೇ ಬೆಳೆಸಿದರು, ಕೆಲವನ್ನು ಬೇರೆಯವರಿಗೆ ಕೊಟ್ಟರು. ಹಣ ತೆತ್ತ ಅತಿಥಿಗಳು ರಾತ್ರಿ ತಂಗುವಾಗ ಎಳೆಯ ಪ್ರಾಣಿಯೊಂದನ್ನು ಜೊತೆಯಲ್ಲಿ ಇಟ್ಟುಕೊಳ್ಳುವ ಅವಕಾಶವನ್ನೂ ಕಲ್ಪಿಸಿದರು. ಇದು ವಿರೋಧಿಗಳು ಕಟ್ಟಿದ ಕಥೆಯಲ್ಲ, ಬಾಸ್ಕಿನ್ ಅವರೇ ಒಪ್ಪಿಕೊಂಡಿರುವ ಸಂಗತಿ. ಪ್ರಾಣಿಯನ್ನು ಪ್ರೀತಿಸುತ್ತೇನೆಂಬ ಭಾವ ಅಲ್ಲಿತ್ತು, ಆದರೆ ಅದರೊಳಗೆ ಮೂರ್ಛೆಯೂ ಇತ್ತು. ಜೈನಾಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕಲಿಲ್ಲ, ವಸ್ತುವಿನ ಮೇಲಿನ ಮಮಕಾರದಲ್ಲಿ ಹುಡುಕಿದರು. ‘ಇದು ನನ್ನದು’ ಎಂಬ ಭಾವದಿಂದ ಮುದ್ದಿಸುವ ಕೈಗೂ ‘ಇದು ನನ್ನ ಸರಕು’ ಎಂಬ ಭಾವದಿಂದ ಮಾರುವ ಕೈಗೂ ನಡುವಿನ ಅಂತರ ಲೋಕವು ತಿಳಿದಷ್ಟು ದೊಡ್ಡದಲ್ಲ.

1990ರ ದಶಕದ ಕೊನೆಯ ಹೊತ್ತಿಗೆ ಬಾಸ್ಕಿನ್ ಅವರ ಮಾರ್ಗ ಬದಲಾಯಿತು. ಮರಿ ಹಾಕಿಸುವುದು ನಿಂತಿತು. ಮುಂದೆ ಸಾರ್ವಜನಿಕರು ಪ್ರಾಣಿಗಳನ್ನು ಮುಟ್ಟುವುದಕ್ಕೂ ಅವಕಾಶ ಇಲ್ಲವಾಯಿತು. ಪಾಲಕರೂ ಪಂಜರದೊಳಗೆ ಹೋಗಬಾರದೆಂಬ ನಿಯಮ ಬಂದಿತು. ಕಾಡುಪ್ರಾಣಿಯನ್ನು ಒಪ್ಪಿಸಲು ಬಂದ ಮಾಲೀಕರು ಮತ್ತೆ ಅಂಥ ಪ್ರಾಣಿಯನ್ನು ಇಟ್ಟುಕೊಳ್ಳುವುದಿಲ್ಲವೆಂದು ಬರೆದುಕೊಡಬೇಕಾಯಿತು. ಮಾಡಿದ ದೋಷವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಆಲೋಚನೆ, ಅದರಿಂದ ಹಿಂದಿರುಗುವುದು ಪ್ರತಿಕ್ರಮಣ, ಮುಂದೆ ಮಾಡುವುದಿಲ್ಲವೆಂದು ಕಟ್ಟುಪಾಡು ಹಾಕಿಕೊಳ್ಳುವುದು ಪ್ರತ್ಯಾಖ್ಯಾನ. ಬಾಸ್ಕಿನ್ ಈ ಹೆಸರುಗಳನ್ನು ಕೇಳಿರಲಿಕ್ಕಿಲ್ಲ, ಆದರೆ ಈ ಕ್ರಮವನ್ನು ಅವರ ಜೀವನದಲ್ಲಿ ಗುರುತಿಸಬಹುದು. ಸರಣಿಯು ಅವರ ಹಳೆಯ ತಪ್ಪುಗಳನ್ನು ತೋರಿಸಿ ‘ಇವರೂ ಅವರಂತೆಯೇ’ ಎಂದು ಪ್ರೇಕ್ಷಕನಿಗೆ ಸೂಚಿಸುತ್ತದೆ. ತಪ್ಪಿನಿಂದ ಹಿಂದಿರುಗಿದವನನ್ನೂ ತಪ್ಪಿನಲ್ಲಿಯೇ ಮುಂದುವರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಾದರೆ ಪ್ರತಿಕ್ರಮಣವೆಂಬ ಆಚರಣೆಗೇ ಅರ್ಥವಿಲ್ಲದಂತಾಗುತ್ತದೆ.

ಮುಂದುವರಿದವನು ಜೋಸೆಫ್ ಮಾಲ್ಡೊನಾಡೊ-ಪ್ಯಾಸೇಜ್. ‘ಜೋ ಎಕ್ಸಾಟಿಕ್’ ಎಂದೇ ಹೆಸರಾದ ಈತ ಒಕ್ಲಹೋಮಾ ರಾಜ್ಯದ ವಿನ್ನೆವುಡ್‌ನಲ್ಲಿ ಖಾಸಗಿ ಮೃಗಾಲಯವನ್ನು ನಡೆಸುತ್ತಿದ್ದನು. ಹುಲಿಮರಿಗಳನ್ನು ವ್ಯಾಪಾರ ಮಳಿಗೆಗಳಿಗೂ ಜಾತ್ರೆಗಳಿಗೂ ಕೊಂಡೊಯ್ದು, ಹಣ ಕೊಟ್ಟವರ ಮಡಿಲಲ್ಲಿಟ್ಟು ಚಿತ್ರ ತೆಗೆಸುವುದು ಆತನ ವೃತ್ತಿಯ ಒಂದು ಮುಖ್ಯ ಭಾಗವಾಗಿತ್ತು. ಈ ವೃತ್ತಿ ನಡೆಯುವ ಬಗೆಯನ್ನು ಶ್ರಾವಕರು ತಿಳಿದಿರಬೇಕು. ಹುಲಿಮರಿಯನ್ನು ಜನರ ಕೈಗೆ ಕೊಡಬಹುದಾದ ಅವಧಿ ಬಹಳ ಚಿಕ್ಕದು. ಸುಮಾರು ಎಂಟು ವಾರಕ್ಕಿಂತ ಎಳೆಯದಾದರೆ ರೋಗ ತಗಲುವ ಭಯ, ಹನ್ನೆರಡು ವಾರ ದಾಟಿದರೆ ಹಲ್ಲು ಉಗುರುಗಳ ಭಯ. ಆದುದರಿಂದ ವರ್ಷವಿಡೀ ಮರಿಗಳು ದೊರೆಯಬೇಕಾದರೆ ವರ್ಷವಿಡೀ ಹುಲಿಗಳು ಈಯುತ್ತಿರಬೇಕು. ಹುಟ್ಟಿದ ಕೆಲವು ದಿನಗಳಲ್ಲಿಯೇ, ಕೆಲವೊಮ್ಮೆ ಕೆಲವು ಗಂಟೆಗಳಲ್ಲಿಯೇ, ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಬಾಟಲಿಯ ಹಾಲಿಗೆ ರೂಢಿ ಮಾಡಿಸುತ್ತಾರೆ. ಮರಿಯನ್ನು ಕಳೆದುಕೊಂಡ ತಾಯಿ ಬೇಗನೆ ಮತ್ತೆ ಬೆದೆಗೆ ಬರುತ್ತದೆ.

ಹನ್ನೆರಡು ವಾರ ಕಳೆದ ಮರಿಯಿಂದ ಸಂಪಾದನೆಯಿಲ್ಲ, ಆದರೆ ಅದರ ಆಯುಷ್ಯ ಇನ್ನೂ ಹದಿನೈದು ಇಪ್ಪತ್ತು ವರ್ಷ ಇದೆ. ಬೆಳೆದ ಹುಲಿಗೆ ದಿನಕ್ಕೆ ಐದು ಕಿಲೋ ಮಾಂಸವೆಂದು ಹಿಡಿದು, ವಾರಕ್ಕೊಂದು ದಿನದ ಉಪವಾಸವನ್ನು ಕಳೆದರೂ, ಹದಿನೆಂಟು ವರ್ಷಕ್ಕೆ 28 ಸಾವಿರ ಕಿಲೋ ಆಗುತ್ತದೆ. ಮಗುವಿನ ಮಡಿಲಲ್ಲಿ ಹುಲಿಮರಿ ಕುಳಿತಿರುವ ಒಂದು ಚಿತ್ರದ ಹಿಂದೆ ಎಷ್ಟು ದನ, ಕೋಳಿ, ಕುದುರೆಗಳ ಪ್ರಾಣ ನಿಂತಿದೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ. ಚಿತ್ರ ತೆಗೆಸಿಕೊಂಡ ಕುಟುಂಬ ಯಾವ ಪ್ರಾಣಿಯನ್ನೂ ಕೊಂದಿಲ್ಲ. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಎರಡನೆಯದೂ ಮೂರನೆಯದೂ ಆ ಟಿಕೆಟಿನಲ್ಲಿಯೇ ಅಡಗಿವೆ.

ಇಂಥ ಹುಲಿಗಳಿಂದ ಕಾಡಿಗೆ ಉಪಕಾರವೂ ಇಲ್ಲ. ತಳಿಗಳು ಬೆರೆತುಹೋಗಿ, ಬೇಟೆಯನ್ನು ಕಲಿಯದೆ, ಮನುಷ್ಯನ ಭಯವಿಲ್ಲದೆ ಬೆಳೆದ ಇವು ಅರಣ್ಯಕ್ಕೆ ಮರಳಲಾರವು. ಅಮೆರಿಕದ ಮೃಗಶಾಲೆಗಳಲ್ಲಿ ಆಕರ್ಷಣೆಯೆನಿಸಿದ ಬಿಳಿ ಹುಲಿಗಳ ವಂಶವಾದರೂ ಭಾರತದ್ದೇ. 1951ರಲ್ಲಿ ರೀವಾ ಮಹಾರಾಜರು ಸೆರೆಹಿಡಿಸಿದ ‘ಮೋಹನ’ ಎಂಬ ಮರಿಯಿಂದ, ರಕ್ತಸಂಬಂಧದೊಳಗೇ ಕೂಡಿಸಿ ಕೂಡಿಸಿ ಅವನ್ನು ಬೆಳೆಸಲಾಯಿತು. ಅಮೆರಿಕದಲ್ಲಿ ಪಂಜರದ ಹುಲಿಗಳು ಸುಮಾರು 5000 ಇವೆಯೆಂಬ ಅಂದಾಜು ಬಹುಕಾಲ ಪ್ರಚಲಿತವಾಗಿತ್ತು. ಭಾರತದ ಕಾಡುಗಳಲ್ಲಿ 2022ರ ಗಣತಿಯ ಸರಾಸರಿ ಅಂದಾಜು 3682. ಅದರಲ್ಲಿ ಕರ್ನಾಟಕದ ಪಾಲು 563. ಹುಲಿಯ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಹುಲಿಯ ರಕ್ಷಣೆಯಾಯಿತೆಂದು ಹೇಳಲಾಗದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಮರಿ ಮುದ್ದಿಸುವ ಈ ವ್ಯಾಪಾರದ ವಿರುದ್ಧ ಬಾಸ್ಕಿನ್ ತಮ್ಮ ಬೆಂಬಲಿಗರನ್ನು ಒಗ್ಗೂಡಿಸಿದರು. ಪ್ರದರ್ಶನಕ್ಕೆ ಸ್ಥಳ ಕೊಟ್ಟ ಮಳಿಗೆಗಳಿಗೆ ಪತ್ರಗಳ ಮಳೆ ಸುರಿಯಿತು, ಒಂದೊಂದಾಗಿ ಸ್ಥಳಗಳು ತಪ್ಪತೊಡಗಿದವು. ಸಿಟ್ಟಿಗೆದ್ದ ಎದುರಾಳಿಯು ಆಕೆಯ ಸಂಸ್ಥೆಯ ಹೆಸರನ್ನೂ ಚಿಹ್ನೆಯನ್ನೂ ಹೋಲುವಂತೆ ತನ್ನ ಪ್ರದರ್ಶನಕ್ಕೆ ಹೆಸರಿಟ್ಟನು. 2011ರಲ್ಲಿ ದಾವೆ ಹೂಡಲಾಯಿತು. 2013ರಲ್ಲಿ ಸುಮಾರು 10 ಲಕ್ಷ ಡಾಲರುಗಳ ತೀರ್ಪು ಬಾಸ್ಕಿನ್ ಅವರ ಪರವಾಗಿ ಆಯಿತು. ಮುಂದೆ ಆತನು ಬಾಸ್ಕಿನ್ ಅವರನ್ನು ಕೊಲ್ಲಿಸಲು ಹಣ ಕೊಟ್ಟನೆಂಬ ಆರೋಪವೂ, ಐದು ಹುಲಿಗಳನ್ನು ಕೊಂದದ್ದೂ ಸೇರಿದಂತೆ ವನ್ಯಜೀವಿ ಅಪರಾಧಗಳೂ 2019ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾದವು. 2020ರ ಜನವರಿಯಲ್ಲಿ 22 ವರ್ಷಗಳ ಸೆರೆವಾಸ ವಿಧಿಸಲಾಯಿತು; ಮೇಲ್ಮನವಿಯ ತರುವಾಯ 2022ರಲ್ಲಿ ಅದನ್ನು 21 ವರ್ಷಕ್ಕೆ ನಿಗದಿಪಡಿಸಲಾಯಿತು.

ಸರಣಿಯ ಕಥಾವಸ್ತು ಇಷ್ಟು. ಆದರೆ ಏಳು ಕಂತುಗಳನ್ನು ನೋಡಿ ಮುಗಿಸಿದ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಇದಲ್ಲ. ಅಪರಾಧಿಯು ವಿನೋದಪುರುಷನಾಗಿ, ಕೊಲೆಯ ಸಂಚಿಗೆ ಗುರಿಯಾದವಳು ಶಂಕಿತಳಾಗಿ ಅಲ್ಲಿ ಕಾಣುತ್ತಾರೆ. ಇದಕ್ಕೆ ಕಾರಣ ಸರಣಿಯ ಒಂದು ಇಡೀ ಕಂತು ಡಾನ್ ಲೂಯಿಸ್ ಅವರ ಕಣ್ಮರೆಗೆ ಮೀಸಲಾಗಿರುವುದು. 1997ರ ಆಗಸ್ಟಿನಲ್ಲಿ ಅವರು ಕಾಣೆಯಾದರು. 2002ರಲ್ಲಿ ಕಾನೂನಿನ ಪ್ರಕಾರ ಮೃತರೆಂದು ಘೋಷಿಸಲ್ಪಟ್ಟರು. ಈ ಬಗ್ಗೆ ಬಾಸ್ಕಿನ್ ಅವರ ಮೇಲೆ ಯಾವ ನ್ಯಾಯಾಲಯದಲ್ಲಿಯೂ ಆರೋಪ ಹೊರಿಸಲಾಗಿಲ್ಲ. ತಮಗೆ ಅದರಲ್ಲಿ ಪಾತ್ರವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಸರಣಿಯು ಊಹೆಗಳನ್ನು ಒಂದರ ಪಕ್ಕದಲ್ಲಿ ಒಂದು ಜೋಡಿಸಿ, ಯಾವ ಮಾತನ್ನೂ ತಾನಾಗಿ ಹೇಳದೆ, ಪ್ರೇಕ್ಷಕನ ಬಾಯಿಂದ ಹೇಳಿಸಿತು. ಕೆಲವೇ ವಾರಗಳಲ್ಲಿ ಆ ಊಹೆ ಹಾಡಾಯಿತು, ಹಾಸ್ಯವಾಯಿತು, ಮಕ್ಕಳ ಬಾಯಿಗೂ ಬಂದಿತು.

ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ ಒಂದು. ಸ್ತ್ರೀಪುರುಷರ ಏಕಾಂತದ ವಿಷಯಗಳನ್ನು ಹೊರಗೆಡಹುವುದನ್ನು ಅದು ದೋಷವೆನ್ನುತ್ತದೆ. ಹದಿನೆಂಟು ಪಾಪಸ್ಥಾನಗಳಲ್ಲಿ ಅಭ್ಯಾಖ್ಯಾನ, ಪೈಶುನ್ಯ, ಪರಪರಿವಾದ ಎಂದು ಮೂರನ್ನು ಬೇರೆಬೇರೆಯಾಗಿ ಎಣಿಸಲಾಗಿದೆ. ಪೂರ್ವಾಚಾರ್ಯರು ಮಾತಿನ ಹಿಂಸೆಯನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ್ದೇಕೆ ಎಂಬುದು ಈ ಸರಣಿಯನ್ನು ನೋಡಿದವರಿಗೆ ತಿಳಿಯುತ್ತದೆ. ನಿರ್ದೇಶಕರು ಸುಳ್ಳು ಹೇಳಿದರೆಂದು ಯಾರೂ ತೋರಿಸಬೇಕಾಗಿಲ್ಲ. ಅನುಮಾನವನ್ನು ಮನರಂಜನೆಯಾಗಿ ಮಾರಿದ್ದೇ ಸಾಕು. ಬಾಸ್ಕಿನ್ ಅವರಾದರೂ, ಸಾಗರದ ತಿಮಿಂಗಿಲಗಳ ಸೆರೆಯನ್ನು ಕುರಿತ 2013ರ ‘ಬ್ಲ್ಯಾಕ್‌ಫಿಶ್’ ಚಿತ್ರದಂತೆ ಇದು ಹುಲಿಗಳ ದುಃಸ್ಥಿತಿಯನ್ನು ಹೊರಗೆಡಹುವ ಚಿತ್ರವಾಗುವುದೆಂಬ ನಂಬಿಕೆಯಿಂದ ತಾವು ಭಾಗವಹಿಸಿದ್ದಾಗಿ ಸಾರ್ವಜನಿಕವಾಗಿ ಹೇಳಿದ್ದಾರೆ.

ಸರಣಿಯ ಅದಕ್ಕಿಂತ ದೊಡ್ಡ ದೋಷ ಬೇರೊಂದಿದೆ. ಹೆಸರಿನಲ್ಲಿ ಹುಲಿಯಿದ್ದರೂ ಅದರ ಕಥೆಯಲ್ಲಿ ಹುಲಿಯಿಲ್ಲ. ದೃಶ್ಯಗಳಲ್ಲಿ ಹುಲಿಗಳು ನೂರಾರು. ಆದರೆ ಒಂದು ಹುಲಿಯ ಹುಟ್ಟಿನಿಂದ ಸಾವಿನವರೆಗಿನ ದಾರಿಯನ್ನು ಅದು ಹಿಂಬಾಲಿಸುವುದಿಲ್ಲ. ತಾಯಿಯಿಂದ ಬೇರ್ಪಟ್ಟ ಮರಿ ಎಲ್ಲಿಗೆ ಹೋಯಿತು, ಬೆಳೆದ ಮೇಲೆ ಯಾವ ಅಂಗಳದಲ್ಲಿ ಬಿದ್ದಿತು, ಯಾರು ಅದಕ್ಕೆ ಉಣಿಸಿದರು, ಎಂಬ ವಿಚಾರಣೆ ನಡೆಯುವುದಿಲ್ಲ. ಮನುಷ್ಯರ ವಿಚಿತ್ರ ಉಡುಪು, ಮದುವೆ, ಜಗಳಗಳು ಪರದೆಯನ್ನು ತುಂಬುತ್ತವೆ. ಪ್ರದರ್ಶಕನು ಹುಲಿಯನ್ನು ಜನ ಸೇರಿಸಲು ಬಳಸಿದನು. ಚಿತ್ರಕಾರರು ಆ ಪ್ರದರ್ಶಕನನ್ನೇ ಜನ ಸೇರಿಸಲು ಬಳಸಿದರು. ಅನೇಕಾಂತವನ್ನು ಬಲ್ಲವರಿಗೆ ಇಲ್ಲೊಂದು ಎಚ್ಚರಿಕೆ ಇದೆ. ಎಲ್ಲ ಪಕ್ಷಗಳ ಮಾತನ್ನೂ ಸರದಿಯಾಗಿ ಕೇಳಿಸಿದ ಮಾತ್ರಕ್ಕೆ ಅದು ಅನೇಕಾಂತವಾಗದು. ಮಾತಾಡಲಾರದ ಪಕ್ಷವೊಂದಿರುವಾಗ ಅದರ ಪರವಾಗಿಯೂ ಒಂದು ನಯವನ್ನು ನಿಲ್ಲಿಸಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಬಾಸ್ಕಿನ್ ಅವರ ಜೀವನದ ದೋಷಗಳನ್ನೂ ನೋಡಬೇಕು. ಮೊದಲನೆಯದು ಹೋರಾಟದಲ್ಲಿ ಬೆಳೆದ ಕಷಾಯ. ನ್ಯಾಯವಾದ ದಾವೆಯು ವರ್ಷಗಳು ಉರುಳಿದಂತೆ ಎದುರಾಳಿಯನ್ನು ನೆಲಕ್ಕೆ ಕೆಡಹುವ ಯುದ್ಧವಾಯಿತು. ವಿನ್ನೆವುಡ್‌ನ ಸುಮಾರು 16 ಎಕರೆ ಮೃಗಾಲಯದ ನೆಲ 2020ರ ಜೂನ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಆಕೆಯ ಸಂಸ್ಥೆಗೆ ಬಂದಿತು. ಆತನು ಆಸ್ತಿಯನ್ನು ತಾಯಿಯ ಹೆಸರಿಗೆ ಮಾಡಿ ಮರೆಮಾಚಿದ್ದನೆಂಬುದು ನ್ಯಾಯಾಲಯದ ನಿರ್ಣಯವಾದುದರಿಂದ ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ದ್ವೇಷಕ್ಕೆ ದ್ವೇಷ ಸೇರಿ ಬೆಳೆದ ಬೆಂಕಿಯಲ್ಲಿ ಕೊನೆಗೆ ಕೊಲೆಯ ಸಂಚೂ ಹುಟ್ಟಿತು, ಹುಲಿಗಳೂ ಸತ್ತವು. ಸಂಚಿನ ಪಾಪ ಸಂಚುಗಾರನದೇ, ಸಂಶಯವಿಲ್ಲ. ಆದರೂ ಸರಿಯಾದ ಕಾರ್ಯಕ್ಕಾಗಿ ಹೊರಟವನು ತನ್ನ ಕ್ರೋಧ ಮಾನಗಳನ್ನು ಅಳೆದು ನೋಡಿಕೊಳ್ಳಬೇಕೆಂಬ ಪಾಠ ಇಲ್ಲಿದೆ. ಎರಡನೆಯದು ಪ್ರಸಿದ್ಧಿಯ ಮೋಹ. ಚಿರತೆಯ ಚುಕ್ಕೆಗಳ ಉಡುಪು ಆಕೆಯ ಗುರುತೇ ಆಗಿಬಿಟ್ಟಿತು. 2020ರಲ್ಲಿ ಆಕೆ ದೂರದರ್ಶನದ ನೃತ್ಯ ಸ್ಪರ್ಧೆಯೊಂದರಲ್ಲಿಯೂ ಕಾಣಿಸಿಕೊಂಡರು. ಪ್ರಾಣಿಯ ಚರ್ಮಕ್ಕೆ ಬೆಲೆ ಕಟ್ಟಬಾರದೆನ್ನುವವರು ಆ ಚರ್ಮದ ಚಿತ್ತಾರವನ್ನೇ ತಮ್ಮ ಲಾಂಛನ ಮಾಡಿಕೊಳ್ಳುವುದು ಎಷ್ಟು ಉಚಿತ?

ಮೂರನೆಯ ಆಕ್ಷೇಪವೇ ಗಂಭೀರವಾದುದು. ಸುಮಾರು 67 ಎಕರೆಯ ಧಾಮವಾದರೂ ಪ್ರತಿ ಪ್ರಾಣಿಗೂ ಬೇಲಿ ಇತ್ತು, ಪ್ರತಿದಿನ ಮಾಂಸ ಬರುತ್ತಿತ್ತು, ಬಹುಕಾಲ ಹಣ ಕೊಟ್ಟು ನೋಡುವ ಸಂದರ್ಶಕರೂ ಇದ್ದರು. 2020ರ ಡಿಸೆಂಬರಿನಲ್ಲಿ ಹುಲಿಯೊಂದು ಸ್ವಯಂಸೇವಕಿಯೊಬ್ಬರ ತೋಳನ್ನು ತೀವ್ರವಾಗಿ ಗಾಯಗೊಳಿಸಿತು. ಹಾಗಾದರೆ ಜೋ ಎಕ್ಸಾಟಿಕ್‌ನ ಪಂಜರಕ್ಕೂ ಬಾಸ್ಕಿನ್ ಅವರ ಪಂಜರಕ್ಕೂ ಭೇದವೇನು ಎಂದು ಸರಣಿ ಕೇಳುತ್ತದೆ. ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತದೆ. ಜೈನ ಓದುಗನು ಅಲ್ಲಿಯೇ ನಿಲ್ಲಬೇಕು.

ದೆಹಲಿಯ ಕೆಂಪುಕೋಟೆಯ ಎದುರಿಗೆ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಒಂದು ಪ್ರಸಿದ್ಧ ಪಕ್ಷಿ ಆಸ್ಪತ್ರೆಯಿದೆ. ಪಾರಿವಾಳ, ಗಿಳಿಗಳಂಥ ಕಾಳು ತಿನ್ನುವ ಪಕ್ಷಿಗಳನ್ನು ಅಲ್ಲಿ ಒಳರೋಗಿಗಳಾಗಿ ಇಟ್ಟುಕೊಳ್ಳುತ್ತಾರೆ. ಹದ್ದು ಗಿಡುಗಗಳಂಥ ಮಾಂಸಾಹಾರಿಗಳು ಬಂದರೆ ಚಿಕಿತ್ಸೆ ಮಾಡಿ ಕಳುಹಿಸುತ್ತಾರೆ, ಇಟ್ಟುಕೊಳ್ಳುವುದಿಲ್ಲ. ಕೆಲವರು ಇದನ್ನು ಪಕ್ಷಪಾತವೆಂದು ನಕ್ಕಿದ್ದಾರೆ. ವಾಸ್ತವವಾಗಿ ಅದು ತನ್ನ ಮಿತಿಯನ್ನು ಅರಿತ ಕರುಣೆ. ನೋವಿನ ಜೀವಿಯನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಅದರ ಹೊಟ್ಟೆಗಾಗಿ ಮತ್ತೊಂದು ಜೀವವನ್ನು ಕೊಲ್ಲಿಸುವ ಹೊಣೆಯನ್ನೂ ಹೊರುವುದಿಲ್ಲ. ಶ್ರಾವಕರು ತೊರೆಯಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವೂ ಸೇರಿದೆ. ಹಿಂಸಕ ಪ್ರಾಣಿಗಳನ್ನು ಸಂಪಾದನೆಗಾಗಿ ಸಾಕುವುದನ್ನು ಅದು ನಿಷೇಧಿಸುತ್ತದೆ. ಜೋ ಎಕ್ಸಾಟಿಕ್‌ನ ವೃತ್ತಿ ನೇರವಾಗಿ ಈ ನಿಷೇಧದೊಳಗೆ ಬರುತ್ತದೆ.

ಬಾಸ್ಕಿನ್ ಅವರ ಧಾಮ ಅಷ್ಟು ಸುಲಭವಾಗಿ ಬರುವುದಿಲ್ಲ. ಅಲ್ಲಿದ್ದ ಹುಲಿಗಳು ಗಾಯ ವಾಸಿಯಾದ ಮೇಲೆ ಹಾರಿಹೋಗುವ ಗಿಡುಗಗಳಲ್ಲ. ಸರ್ಕಸ್ಸಿನಿಂದ, ಮುಚ್ಚಿದ ಮೃಗಾಲಯಗಳಿಂದ, ಬೇಸತ್ತ ಮಾಲೀಕರಿಂದ ಬಂದವು, ಹೋಗಲು ಕಾಡಿಲ್ಲದವು. ಅವುಗಳಿಗೆ ಮಾಂಸ ಕೊಡದೆ ಸಾಯಿಸುವುದು ಅಹಿಂಸೆಯಲ್ಲ. ಇಲ್ಲಿ ಭಗವಾನ್ ಮಹಾವೀರರ ಪೂರ್ವಭವದ ಸಿಂಹವನ್ನು ಓದುಗರು ನೆನೆಯಬಹುದು. ಗುಣಭದ್ರಾಚಾರ್ಯರ ಉತ್ತರಪುರಾಣದ ಕಥೆಯಂತೆ, ಜಿಂಕೆಯನ್ನು ಕೊಂದು ತಿನ್ನುತ್ತಿದ್ದ ಸಿಂಹಕ್ಕೆ ಚಾರಣಮುನಿಗಳು ಆಕಾಶದಿಂದ ಇಳಿದು ಬಂದು ಧರ್ಮವನ್ನು ಬೋಧಿಸಿದರು. ಸಿಂಹವು ಕಣ್ಣೀರಿಟ್ಟು ಮಾಂಸವನ್ನು ತೊರೆದು, ನಿರಾಹಾರಿಯಾಗಿ ಶಾಂತಭಾವದಿಂದ ದೇಹವನ್ನು ಬಿಟ್ಟಿತು. ಆ ತ್ಯಾಗ ಸಿಂಹದ್ದೇ ಆಗಿತ್ತು. ಮುನಿಗಳು ಅದನ್ನು ಕಟ್ಟಲಿಲ್ಲ, ಅದರ ಬಾಯಿಂದ ಬೇಟೆಯನ್ನು ಕಸಿದುಕೊಳ್ಳಲಿಲ್ಲ. ವ್ರತವನ್ನು ಒಂದು ಜೀವ ಮತ್ತೊಂದು ಜೀವದ ಪರವಾಗಿ ತೆಗೆದುಕೊಳ್ಳಲಾರದು. ಪಂಜರದ ಹುಲಿಯನ್ನು ಉಪವಾಸ ಕೆಡಹುವವನು ಸಲ್ಲೇಖನವನ್ನು ಮಾಡಿಸುತ್ತಿಲ್ಲ, ಅನ್ನಪಾನನಿರೋಧ ಮಾಡುತ್ತಿದ್ದಾನೆ.

ಆದುದರಿಂದ ಎರಡು ಪಂಜರಗಳ ಭೇದವನ್ನು ಕಬ್ಬಿಣದ ಸರಳುಗಳಲ್ಲಿ ಹುಡುಕಬಾರದು, ಮಾಂಸದ ತೂಕದಲ್ಲಿಯೂ ಹುಡುಕಬಾರದು. ಮುಂದಿನ ಹುಲಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯಲ್ಲಿ ಹುಡುಕಬೇಕು. ಒಂದು ಪಂಜರದಲ್ಲಿ ಹುಲಿಗಳು ಹುಟ್ಟುತ್ತಲೇ ಇದ್ದವು. ಹಿಂಸೆಯ ಸರಪಳಿಗೆ ದಿನವೂ ಹೊಸ ಕೊಂಡಿ ಸೇರುತ್ತಿತ್ತು. ಇನ್ನೊಂದರಲ್ಲಿ ಹುಟ್ಟು ನಿಂತಿತ್ತು. ಬಂದ ಹುಲಿ ಮುಪ್ಪಾಗಿ ಸತ್ತಂತೆ ಒಂದೊಂದು ಪಂಜರ ಬರಿದಾಗುತ್ತಿತ್ತು. ಹೊಸ ಕರ್ಮದ ಆಸ್ರವವನ್ನು ತಡೆದು, ಕಟ್ಟಿಕೊಂಡ ಹಳೆಯ ಕರ್ಮವನ್ನು ಸವೆಯಿಸುವ ಸಂವರ ನಿರ್ಜರೆಗಳ ಕ್ರಮವನ್ನು ಈ ವ್ಯವಸ್ಥೆ ನೆನಪಿಗೆ ತರುತ್ತದೆ. ಒಂದು ಕಾಲಕ್ಕೆ ಇನ್ನೂರರ ಆಸುಪಾಸಿನಲ್ಲಿದ್ದ ಪ್ರಾಣಿಗಳ ಸಂಖ್ಯೆ 2023ರ ಹೊತ್ತಿಗೆ ಸುಮಾರು 40ಕ್ಕೆ ಇಳಿದಿತ್ತು.

ಸರಣಿಯ ಗದ್ದಲ ಅಡಗಿದ ಮೇಲೆ ನಡೆದ ಎರಡು ಘಟನೆಗಳು ಬಾಸ್ಕಿನ್ ಅವರ ಜೀವನವನ್ನು ತೂಗಲು ಸರಿಯಾದ ಕಲ್ಲುಗಳು. 2012ರಿಂದ ಮತ್ತೆ ಮತ್ತೆ ಮಂಡನೆಯಾಗಿ ಬಿದ್ದುಹೋಗುತ್ತಿದ್ದ, ದೊಡ್ಡ ಮಾರ್ಜಾಲಗಳನ್ನು ಕುರಿತ ಸುರಕ್ಷತಾ ಮಸೂದೆ 2022ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 278 ಮತಗಳಿಂದ, ಬಳಿಕ ಸೆನೆಟ್ಟಿನಲ್ಲಿ ಸರ್ವಾನುಮತದಿಂದ ಅಂಗೀಕೃತವಾಯಿತು. ಆ ವರ್ಷದ ಡಿಸೆಂಬರ್ 20ರಂದು ಅಧ್ಯಕ್ಷ ಬೈಡನ್ ಸಹಿ ಮಾಡಿದರು. ಹುಲಿ, ಸಿಂಹ, ಚಿರತೆಗಳನ್ನು ಖಾಸಗಿಯವರು ಹೊಸದಾಗಿ ಸಾಕುವುದೂ, ಮರಿಗಳನ್ನು ಜನರ ಕೈಗೆ ಕೊಡುವುದೂ ಕಾನೂನುಬಾಹಿರವಾದವು. ಮೊದಲೇ ಇಟ್ಟುಕೊಂಡವರು ನೋಂದಣಿ ಮಾಡಿಸಿ, ಮರಿ ಹಾಕಿಸದೆ ಇಟ್ಟುಕೊಳ್ಳಬಹುದೆಂದಾಯಿತು. ಈ ಕಾನೂನಿಗಾಗಿ ಬಾಸ್ಕಿನ್ ವರ್ಷಗಟ್ಟಲೆ ದುಡಿದಿದ್ದರು. 2023ರಲ್ಲಿ ಅವರು ತಮ್ಮಲ್ಲಿ ಉಳಿದ ಪ್ರಾಣಿಗಳನ್ನು ಅರ್ಕನ್ಸಾ ರಾಜ್ಯದ ‘ಟರ್ಪೆಂಟೈನ್ ಕ್ರೀಕ್’ ಆಶ್ರಯಧಾಮಕ್ಕೆ ಸಾಗಿಸಿ, ಟ್ಯಾಂಪಾದ ನೆಲವನ್ನು ಮಾರಿ, ಹಣವನ್ನು ಕಾಡಿನಲ್ಲಿರುವ ಪ್ರಾಣಿಗಳ ರಕ್ಷಣೆಗೆ ಬಳಸುವುದಾಗಿ ಪ್ರಕಟಿಸಿದರು.

ತಾನು ಕಟ್ಟಿದ ಸಂಸ್ಥೆಯನ್ನು ತಾನೇ ಮುಚ್ಚಲು ಸಿದ್ಧನಾಗುವುದು ಅಪರಿಗ್ರಹದ ಕಠಿಣ ಪರೀಕ್ಷೆ. ಟ್ರಸ್ಟುಗಳನ್ನು ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಶ್ರಯಧಾಮ ಹುಟ್ಟುವುದು ದುಃಖವೊಂದರ ಪರಿಹಾರಕ್ಕೆ. ಕಾಲಕ್ರಮದಲ್ಲಿ ಕಟ್ಟಡ, ಹುಂಡಿ, ಫಲಕ, ಅಧ್ಯಕ್ಷಸ್ಥಾನಗಳು ಬೆಳೆದು, ಆ ದುಃಖವೇ ಸಂಸ್ಥೆಯ ಜೀವನೋಪಾಯವಾಗುವ ಅಪಾಯವಿದೆ. ಬಾಸ್ಕಿನ್ ಅವರಲ್ಲಿ ಪ್ರಸಿದ್ಧಿಯ ಮೋಹವಿದ್ದರೂ ಈ ಅಪಾಯವನ್ನು ಅವರು ದಾಟಿದರೆಂದು ಒಪ್ಪಬೇಕಾಗುತ್ತದೆ.

ಭಾರತ ಈ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟಿತ್ತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಸರ್ಕಸ್ಸಿನಲ್ಲಿ ಆಡಿಸಬಾರದೆಂಬ 1998ರ ಕೇಂದ್ರ ಸರ್ಕಾರದ ಅಧಿಸೂಚನೆಯನ್ನು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಬಿಡುಗಡೆಯಾದ ಸಿಂಹ ಹುಲಿಗಳಲ್ಲಿ ಅನೇಕವು ಬೆಂಗಳೂರಿನ ಹತ್ತಿರದ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದು, ಅಲ್ಲಿಯೇ ಮುಪ್ಪನ್ನು ಕಳೆದವು. ಹೀಗಿದ್ದರೂ ವಿದೇಶ ಪ್ರವಾಸದಲ್ಲಿ ಹುಲಿಯ ಪಕ್ಕದಲ್ಲಿ ಕುಳಿತು ತೆಗೆಸಿಕೊಂಡ ಚಿತ್ರವನ್ನು ಬಂಧುಗಳಿಗೆ ಹೆಮ್ಮೆಯಿಂದ ತೋರಿಸುವವರು ಅಹಿಂಸೆಯ ಮನೆತನಗಳಲ್ಲಿಯೂ ಇಲ್ಲದಿಲ್ಲ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಭಿಕ್ಷುಗಳ ಹುಲಿಗಳೆಂದು ಪ್ರಸಿದ್ಧವಾಗಿದ್ದ ವಿಹಾರದಿಂದ 2016ರಲ್ಲಿ ಅಧಿಕಾರಿಗಳು 137 ಹುಲಿಗಳನ್ನು ಸಾಗಿಸಿದಾಗ, ಶೀತಪೆಟ್ಟಿಗೆಯಲ್ಲಿ 40 ಸತ್ತ ಮರಿಗಳು ದೊರೆತವು. ಧರ್ಮಸ್ಥಾನದ ಹೆಸರು, ಕಾಷಾಯ ವಸ್ತ್ರ, ಕರುಣೆಯ ಮಾತು, ಯಾವುದೂ ಆ ಮರಿಗಳನ್ನು ಕಾಯಲಿಲ್ಲ. ಯಾವುದೇ ಮತದ ಧರ್ಮಸ್ಥಾನವೂ ಈ ಘಟನೆಯನ್ನು ತನ್ನ ಅಂಗಳದಲ್ಲಿ ನಿಂತು ಓದಿಕೊಳ್ಳಬೇಕು. ಉತ್ಸವಕ್ಕೆಂದು ಬಾಡಿಗೆಗೆ ತರಿಸುವ ಆನೆ, ಬಿಡುವುದಕ್ಕೆಂದೇ ಹಿಡಿಸಿ ತರಿಸುವ ಪಕ್ಷಿ, ಇವೂ ಅದೇ ಲೆಕ್ಕದ ಪುಟಕ್ಕೆ ಸೇರುತ್ತವೆ.

ಕ್ಯಾರೋಲ್ ಬಾಸ್ಕಿನ್ ಅವರ ಜೀವನ ಆದರ್ಶವಲ್ಲ. ಅದರಲ್ಲಿ ಮಮಕಾರವಿದೆ, ಕಲಹವಿದೆ, ಪ್ರದರ್ಶನವಿದೆ. ಆದರೆ ತಪ್ಪನ್ನು ತಪ್ಪೆಂದು ಕಂಡ ಮೇಲೆ ಅದರಿಂದ ಹಿಂದಿರುಗಿದ ದಾರಿಯೂ ಅದರಲ್ಲಿದೆ. ಆ ದಾರಿಯನ್ನು ಕಾಣದೆ ನಗೆಯನ್ನೂ ಶಂಕೆಯನ್ನೂ ಮಾರಿದ ಸರಣಿಯು ತನ್ನ ಪ್ರೇಕ್ಷಕರನ್ನು ಮತ್ತೊಂದು ಪಂಜರದ ಮುಂದೆ ನಿಲ್ಲಿಸಿತು ಅಷ್ಟೆ. ಕಟ್ಟಿದ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಉಣಿಸುವುದು ದಯೆಯ ಮೊದಲ ಮೆಟ್ಟಿಲು. ಇನ್ನೊಂದು ಪ್ರಾಣಿಯನ್ನು ಕಟ್ಟಬೇಕಾದ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು ಅದರ ಮುಂದಿನ ಮೆಟ್ಟಿಲು. ಅದಕ್ಕೆ ಹುಂಡಿಯ ಹಣಕ್ಕಿಂತ ಟಿಕೆಟು ಕೊಳ್ಳದ ಕೈ ಹೆಚ್ಚು ಬೇಕಾಗುತ್ತದೆ.